ಹಕಾರದ ಆರು ಹಾಡುಗಳು

ಅಜ್ಜಂಪುರದಿಂದ ಬೀರೂರಿಗೆ ಹೋಗುವ ರೈಲಿನಲ್ಲಿ ನಾವು ಅಂತ್ಯಾಕ್ಷರಿ ಆಡುತ್ತಿದ್ದೆವು. ‘ಳ’ ಬಂದರೆ ಎಲ್ಲರೂ ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದೆವು. ‘ಹ’ ಬಂದರೆ ಹಬ್ಬ. ಹೂವು, ಹಕ್ಕಿ, ಹೃದಯ, ಹುಣ್ಣಿಮೆ ಎಂದು ನಮ್ಮ ಚಿತ್ರಗೀತೆಗಳ ಅರ್ಧ ಬಂಡವಾಳ ಆ ಒಂದು ಅಕ್ಷರದಲ್ಲೇ ಇದೆ. ನಮ್ಮ ಗುಂಪಿನಲ್ಲಿದ್ದ ಒಬ್ಬ ಗೆಳೆಯನಿಗೆ ಮಾತ್ರ ‘ಹ’ ಹೊರಡುತ್ತಿರಲಿಲ್ಲ. ಅವನ ಬಾಯಲ್ಲಿ ಹೂವು ‘ಊವು’, ಹಾಡು ‘ಆಡು’. ಒಮ್ಮೆ ಅವನು ಹೂವಿನ ಹಾಡೊಂದನ್ನು ಎತ್ತಿಕೊಂಡಾಗ ಎದುರು ತಂಡದವರು ತಕರಾರು ತೆಗೆದರು: ಇದು ‘ಹ’ಕ್ಕೆ ಸಲ್ಲುವುದಿಲ್ಲ, ‘ಊ’ಗೆ ಸಲ್ಲುತ್ತದೆ. ಬೋಗಿಯೆಲ್ಲ ನಕ್ಕಿತು. ನಾನೂ ನಕ್ಕೆ. ಅವನ ದನಿ ನಮ್ಮೆಲ್ಲರಿಗಿಂತ ಚೆನ್ನಾಗಿತ್ತು. ಅವತ್ತಿನಿಂದ ಅವನು ಆಟದಲ್ಲಿ ಹಾಡಲಿಲ್ಲ.

ಮುಂದೆ ಪಟ್ಟಣದ ಕಾಲೇಜು ಸೇರಿದಾಗ ಇಂಗ್ಲಿಷ್ ಹಾಡು ಕೇಳುವವರ ನಡುವೆ ನನ್ನ ಪಾಲಿಗೂ ಅದೇ ನಗು ಕಾದಿತ್ತು. ಹಾಡುಗಾರರ ಹೆಸರನ್ನು ತಪ್ಪಾಗಿ ಉಚ್ಚರಿಸಿದೆ ಎಂಬುದೇ ಕಾರಣ. ಈ ಹಾಡುಗಳು ನನ್ನಂಥವನಿಗಲ್ಲ ಎಂದುಕೊಂಡು ಕೆಲವು ವರ್ಷ ಕಿವಿ ಮುಚ್ಚಿಕೊಂಡೆ. ಈಗ ಸಾಹಿತ್ಯದ ವಿದ್ಯಾರ್ಥಿಗಳು ‘ಪಾಶ್ಚಾತ್ಯ ಹಾಡು ಎಲ್ಲಿಂದ ಶುರು ಮಾಡಲಿ’ ಎಂದು ಕೇಳಿದಾಗ ನನ್ನ ಉತ್ತರ ಒಂದೇ: ‘ಹ’ದಿಂದ.

ಇದು ಕುರುಡು ನಿಯಮ ಎನ್ನುವುದು ನಿಜ. ಮೊದಲಕ್ಷರ ಒಂದೇ ಆದ ಮಾತ್ರಕ್ಕೆ ಎರಡು ಹಾಡುಗಳಿಗೆ ನಂಟು ಹುಟ್ಟುವುದಿಲ್ಲ. ನಮ್ಮ ಹಳೆಯ ಕಾವ್ಯಕ್ಕೂ ಮೊದಲಕ್ಷರದ ಹಂಗಿರಲಿಲ್ಲ. ಅದು ಪಟ್ಟು ಹಿಡಿದದ್ದು ಎರಡನೆಯ ಅಕ್ಷರದ ಪ್ರಾಸಕ್ಕೆ. ಗೋವಿಂದ ಪೈಗಳಂಥವರು ಅದನ್ನು ಬಿಟ್ಟರು. 1926ರಲ್ಲಿ ಬಿ.ಎಂ.ಶ್ರೀ ‘ಇಂಗ್ಲಿಷ್ ಗೀತಗಳು’ ತಂದಾಗ ಹೊರಗಿನ ಹಾಡು ಕನ್ನಡದ ಉಸಿರಾಟವನ್ನೇ ಬದಲಿಸಿತು. ಆದರೂ ‘ಹ’ವನ್ನು ಆರಿಸಲು ನನಗೊಂದು ಕಾರಣವಿದೆ. ಉಳಿದ ವ್ಯಂಜನಗಳಿಗೆ ನಾಲಗೆಯೋ ತುಟಿಯೋ ಹಲ್ಲೋ ಬೇಕು. ‘ಹ’ಕ್ಕೆ ಉಸಿರು ಸಾಕು. ಭಾಷೆ ಅರ್ಧಂಬರ್ಧ ತಿಳಿದವನು ಮೊದಲು ಹಿಡಿಯಬಹುದಾದದ್ದೂ ಹಾಡುವವನ ಉಸಿರನ್ನೇ. ಮಾತಿನ ಅರ್ಥ ಆಮೇಲೆ ಬಂದರೂ ನಡೆಯುತ್ತದೆ.

ಅಂತ್ಯಾಕ್ಷರಿಯ ಹಾಗೆ ಇಲ್ಲಿಯೂ ತೀರ್ಪು ಕಿವಿಯದು, ಕಾಗುಣಿತದ್ದಲ್ಲ. ಇಂಗ್ಲಿಷಿನವರು ‘ಎಚ್’ ಎಂದು ಬರೆದು ಉಚ್ಚರಿಸದೆ ಬಿಡುವ ಪದಗಳಿವೆ. ಹಾಗಾಗಿ ಬಿಲ್ಲಿ ಜೋಯಲ್‌ನ ‘ಆನೆಸ್ಟಿ’ ನಮ್ಮ ಪಟ್ಟಿಯಿಂದ ಹೊರಗೆ. ‘ಡಬ್ಲ್ಯು’ದಿಂದ ಬರೆದು ‘ಹ’ ಎಂದು ಹೇಳುವ ಪದಗಳೂ ಇವೆ. ಹಾಗಾಗಿ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡದ 1970ರ ‘ಹೂಲ್ ಸ್ಟಾಪ್ ದ ರೇನ್’ ಒಳಗೆ. ಮಳೆ ನಿಲ್ಲಿಸುವವರು ಯಾರು ಎಂದು ಕೇಳುವ ಹಾಡು ಅದು. ಮಳೆಗೆ ಆಕಾಶ ನೋಡುವ ನಮ್ಮ ಕಡೆಯವರಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸೀತು. ವಿಯೆಟ್ನಾಂ ಯುದ್ಧದ ಕಾಲದ ಅಮೆರಿಕದಲ್ಲಿ ಆ ಮಳೆಯನ್ನು ಅನೇಕರು ಯುದ್ಧವೆಂದೇ ಕೇಳಿಸಿಕೊಂಡರು. ಜಾನ್ ಫೋಗರ್ಟಿಯ ದನಿ ಒರಟು, ದೂರು ಮಾತ್ರ ತಣ್ಣಗಿದೆ. ಇದು ಮೊದಲನೆಯದು.

ಎರಡನೆಯದು ‘ಹೌಂಡ್ ಡಾಗ್’. ಎಲ್ವಿಸ್ ಪ್ರೀಸ್ಲಿ 1956ರಲ್ಲಿ ಹಾಡಿದ್ದನ್ನು ಲೋಕವೇ ಬಲ್ಲದು. ನೀವು ಕೇಳಬೇಕಾದದ್ದು 1952ರಲ್ಲಿ ಬಿಗ್ ಮಾಮಾ ಥಾರ್ನ್‌ಟನ್ ಧ್ವನಿಮುದ್ರಿಸಿದ್ದನ್ನು. ಎಲ್ವಿಸ್‌ನಲ್ಲಿ ಅದು ಕುಣಿತದ ಹುರುಪು. ಆ ಕಪ್ಪು ಗಾಯಕಿಯಲ್ಲಿ ಅದು ಕೆಲಸಕ್ಕೆ ಬಾರದ ಗಂಡಸನ್ನು ಹೊಸ್ತಿಲಿನಿಂದಾಚೆ ಅಟ್ಟುವ ಹೆಣ್ಣಿನ ಗದರಿಕೆ. ಅವಳು ಪ್ರತಿ ಸಾಲನ್ನೂ ತಡೆದು, ಜಗಿದು ಉಗಿಯುತ್ತಾಳೆ. ಎರಡನ್ನೂ ಒಂದಾದ ಮೇಲೊಂದು ಹಾಕಿ ಕೇಳಿ. ಹೆಚ್ಚು ಮಾರಾಟವಾದದ್ದೇ ಮೂಲ ಎಂಬ ಭ್ರಮೆ ಐದೇ ನಿಮಿಷದಲ್ಲಿ ಹೋಗುತ್ತದೆ.

ಮೂರನೆಯದು ಬೀಟಲ್ಸ್ ತಂಡದ 1968ರ ‘ಹೇ ಜೂಡ್’. ಜಾನ್ ಲೆನನ್ ಹೆಂಡತಿಯಿಂದ ದೂರವಾದಾಗ ಅವರ ಪುಟ್ಟ ಮಗ ಜೂಲಿಯನ್‌ಗೆ ಸಮಾಧಾನ ಹೇಳಲು ಪಾಲ್ ಮೆಕಾರ್ಟ್ನಿ ಕಟ್ಟಿದ್ದು. ಏಳು ನಿಮಿಷ ದಾಟುವ ಈ ಹಾಡಿನ ಅರ್ಧಕ್ಕಿಂತ ಹೆಚ್ಚು ಭಾಗ ಅರ್ಥವಿಲ್ಲದ ಅಕ್ಷರಗಳ ಒಕ್ಕೊರಲು. ಅದು ಉದ್ದವಾಯಿತು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಳುವ ಮಗುವಿಗೆ ಬುದ್ಧಿಮಾತು ಸ್ವಲ್ಪ ಸಾಕು. ಮಿಕ್ಕದ್ದೆಲ್ಲ ಬೆನ್ನು ತಟ್ಟುವುದು. ನಮ್ಮ ಜೋಗುಳಗಳೂ ಮಾಡುವುದು ಅದನ್ನೇ.

ನಾಲ್ಕನೆಯದೂ ಬೀಟಲ್ಸ್‌ನದೇ, 1969ರ ‘ಹಿಯರ್ ಕಮ್ಸ್ ದ ಸನ್’. ಇದನ್ನು ಬರೆದವನು ರವಿಶಂಕರ್ ಅವರಲ್ಲಿ ಸಿತಾರ್ ಕಲಿತ ಜಾರ್ಜ್ ಹ್ಯಾರಿಸನ್. ನಡುವಿನಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರುವಾಗ ತಾಳ ಹಾಕಿ ನೋಡಿ, ಎಣಿಕೆ ತಪ್ಪುತ್ತದೆ. ಹಿಂದೂಸ್ತಾನಿ ಕಛೇರಿಯಲ್ಲಿ ತಿಹಾಯಿ ಕೇಳಿದವರಿಗೆ ಆ ನಡೆ ಪರಿಚಿತ ಅನ್ನಿಸುತ್ತದೆ. ‘ಪಾಶ್ಚಾತ್ಯ’ ಎಂಬ ಹಣೆಪಟ್ಟಿ ಎಷ್ಟು ಸಡಿಲ ಎನ್ನುವುದಕ್ಕೆ ಈ ಹಾಡಿಗಿಂತ ಬೇರೆ ಪುರಾವೆ ಬೇಕಿಲ್ಲ.

ಐದನೆಯದು ಡೇವಿಡ್ ಬೋವಿಯ ‘ಹೀರೋಸ್’, 1977. ಪಶ್ಚಿಮ ಬರ್ಲಿನ್ನಿನಲ್ಲಿ, ಗೋಡೆಗೆ ಸಮೀಪದ ಸ್ಟುಡಿಯೋದಲ್ಲಿ ಧ್ವನಿಮುದ್ರಣವಾಯಿತು. ನಿರ್ಮಾಪಕ ಟೋನಿ ವಿಸ್ಕಾಂಟಿ ಮೂರು ಮೈಕುಗಳನ್ನು ಇಟ್ಟ. ಒಂದು ಬಾಯಿಯ ಹತ್ತಿರ, ಇನ್ನೊಂದು ಸುಮಾರು 20 ಅಡಿ ದೂರ, ಮತ್ತೊಂದು ಸುಮಾರು 50 ಅಡಿ ದೂರ. ದನಿ ಏರಿದಾಗ ಮಾತ್ರ ದೂರದ ಮೈಕುಗಳು ತೆರೆದುಕೊಳ್ಳುತ್ತಿದ್ದವು. ಮೊದಲು ಪಿಸುಮಾತಿನಂತೆ ಕಿವಿಯಲ್ಲೇ ಇದ್ದವನು ಕೊನೆಗೆ ದೊಡ್ಡ ಹಜಾರದಾಚೆಯಿಂದ ಕೂಗುವಂತೆ ಕೇಳಿಸುವುದು ಅದರಿಂದ. ಪ್ರೇಮಿಗಳು ಗೋಡೆಯ ಬಳಿ ನಿಂತಿದ್ದಾರೆ ಎಂಬುದು ತಿಳಿಯದಿದ್ದರೂ, ಯಾರೋ ಏನನ್ನೋ ದಾಟಲು ಉಸಿರು ಕಟ್ಟುತ್ತಿದ್ದಾರೆ ಎಂಬುದು ತಿಳಿಯುತ್ತದೆ.

ಆರನೆಯದು ‘ಹರ್ಟ್’. ನೈನ್ ಇಂಚ್ ನೇಲ್ಸ್‌ನ ಟ್ರೆಂಟ್ ರೆಜ್ನರ್ 1994ರಲ್ಲಿ ಬರೆದು ಹಾಡಿದಾಗ ಅದು ತನ್ನನ್ನೇ ನೋಯಿಸಿಕೊಳ್ಳುವ ಯುವಕನ ಹಾಡು. 2002ರಲ್ಲಿ ಎಪ್ಪತ್ತರ ಜಾನಿ ಕ್ಯಾಶ್ ಹಾಡಿದಾಗ ಅದೇ ಪದಗಳು ಬದುಕಿನ ಲೆಕ್ಕ ಒಪ್ಪಿಸುವ ಮುದುಕನವು. ಒಂದೆರಡು ಕಡೆ ಅವನ ದನಿ ನಡುಗುತ್ತದೆ, ತೇಯುತ್ತದೆ. ಅದನ್ನು ತಿದ್ದದೆ ಉಳಿಸಿದ್ದೇ ಅದರ ದೊಡ್ಡತನ. ಮರುವರ್ಷ ಅವನು ತೀರಿಕೊಂಡ.

‘ಹೋಟೆಲ್ ಕ್ಯಾಲಿಫೋರ್ನಿಯಾ’ ಎಲ್ಲಿ ಎಂದು ಕೇಳುವಿರಿ. ಗಿಟಾರ್ ಹಿಡಿದ ಹಾಸ್ಟೆಲ್ ಹುಡುಗರು ಅದನ್ನು ಹೇಗಿದ್ದರೂ ನಿಮಗೆ ಕೇಳಿಸುತ್ತಾರೆ. ಲೆನರ್ಡ್ ಕೊಹೆನ್‌ನ ‘ಹಲ್ಲೆಲೂಯಾ’ (1984) ಬಿಟ್ಟದ್ದಕ್ಕೆ ಮಾತ್ರ ಸಂಕಟವಿದೆ. ಅದರ ಬಲ ಇರುವುದು ಪದಗಳಲ್ಲಿ. ಬೈಬಲ್ಲಿನ ದಾವೀದನನ್ನು ಒಂದಿಷ್ಟು ತಿಳಿದುಕೊಂಡು ಆಮೇಲೆ ಅದರ ಬಳಿ ಹೋಗಿ.

ಈ ಆರನ್ನು ಮೊದಲ ಸಲ ಕೇಳುವಾಗ ಸಾಹಿತ್ಯವನ್ನು ಎದುರಿಗಿಟ್ಟುಕೊಳ್ಳಬೇಡಿ. ಹಾಡುವವರು ಎಲ್ಲಿ ಉಸಿರೆಳೆದುಕೊಳ್ಳುತ್ತಾರೆ, ಎಲ್ಲಿ ಬಿಗಿಹಿಡಿಯುತ್ತಾರೆ, ಎಲ್ಲಿ ಸೋಲುತ್ತಾರೆ ಎಂದಷ್ಟೇ ಗಮನಿಸಿ. ಎರಡನೆಯ ಸಲ ನಿಘಂಟು ತೆರೆಯಿರಿ. ಯಾರ ಹೆಸರನ್ನು ಹೇಗೆ ಉಚ್ಚರಿಸಬೇಕು ಎಂಬುದನ್ನು ಕೊನೆಗೆ ನೋಡಿಕೊಂಡರಾಯಿತು.

ಭಾಷಾಚರಿತ್ರೆ ಓದುವಾಗ ನನಗೆ ಆ ರೈಲು ನೆನಪಾಯಿತು. ಪಂಪನ ಕಾಲದಲ್ಲಿ ಹೂವು ‘ಪೂ’ ಆಗಿತ್ತು, ಹಾಡು ‘ಪಾಡು’ ಆಗಿತ್ತು. ಮುಂದೆ ತುಟಿ ಸಡಿಲಿ ‘ಪ’ ಹೋಗಿ ‘ಹ’ ಉಳಿಯಿತು. ನನ್ನ ಗೆಳೆಯನ ಬಾಯಲ್ಲಿ ಆ ಉಸಿರೂ ಹೋಗಿತ್ತು, ಅಷ್ಟೆ. ಪೂವು, ಹೂವು, ಊವು. ಮೊದಲ ಬದಲಾವಣೆಯನ್ನು ನಾವು ವ್ಯಾಕರಣವೆಂದು ಪರೀಕ್ಷೆಗೆ ಓದುತ್ತೇವೆ, ಎರಡನೆಯದಕ್ಕೆ ನಗುತ್ತೇವೆ. ಲಂಡನ್ನಿನ ಕೂಲಿಕಾರರ ಇಂಗ್ಲಿಷಿನಲ್ಲೂ ‘ಹ’ ಬೀಳುತ್ತದೆ, ಅಲ್ಲಿಯೂ ಅದಕ್ಕೆ ನಗುವವರಿದ್ದಾರೆ.

ಅವತ್ತಿನ ಅಂಕ ಅವನಿಗೆ ಸಲ್ಲಬೇಕಿತ್ತು. ಹಾಡೂ ಪೂರ್ತಿಯಾಗಬೇಕಿತ್ತು.