ತಕ್ದೀರ್‌ನ ಮಾತು, ತದ್ಬೀರ್‌ನ ಲೆಕ್ಕ

ಹೊಸ ಫುಟ್‌ಬಾಲ್ ಸೀಸನ್ ಆರಂಭವಾಗುವ ಮುಂಚಿನ ಒಂದೆರಡು ತಿಂಗಳು ಅಭಿಮಾನಿಗಳ ಪಾಲಿಗೆ ಮಾತಿನ ಸುಗ್ಗಿ. ಇನ್ನೂ ಒಂದು ಪಂದ್ಯವೂ ನಡೆದಿರುವುದಿಲ್ಲ. ಹಾಗಾಗಿ ಯಾರೂ ಸೋತಿರುವುದಿಲ್ಲ. ಈ ಸಲ ಯಾರು ಬರುತ್ತಾರೆ, ಯಾರು ಬಿಟ್ಟು ಹೋಗುತ್ತಾರೆ, ಕೋಚ್ ಹೇಗೆ, ನಾವು ಎಷ್ಟನೇ ಸ್ಥಾನದಲ್ಲಿ ನಿಲ್ಲುತ್ತೇವೆ ಎಂಬ ಚರ್ಚೆಯಲ್ಲಿ ಚಹಾದಂಗಡಿಯವನೂ ಕಾಲೇಜಿನ ಮೇಷ್ಟರೂ ಸರಿಸಮಾನರು. ಕಥೆ ಬರೆಯುವ ನನಗೆ ಈ ಮಾತುಗಳು ಬರೀ ಹರಟೆಯಾಗಿ ಕಾಣುವುದಿಲ್ಲ. ಇದೂ ಒಂದು ಕಥನ ಪ್ರಕಾರವೇ. ಇದರಲ್ಲಿ ನಾಯಕನಿದ್ದಾನೆ, ಅಡ್ಡಿಗಳಿವೆ, ಆಸೆಯಿದೆ, ಹೇಳದೆ ಬಿಟ್ಟ ಸಂಗತಿಗಳೂ ಇವೆ. ಕಥೆಗೆ ವಿಮರ್ಶೆ ಬೇಕಾದಂತೆ ಈ ಮಾತಿಗೂ ವಿಮರ್ಶೆ ಬೇಕು. ಏಕೆಂದರೆ ಅಭಿಮಾನಿಗಳು ಏನನ್ನು ಕೇಳುತ್ತಾರೆ, ಏನನ್ನು ಕೇಳದೆ ಬಿಡುತ್ತಾರೆ ಎಂಬುದರ ಫಲವನ್ನು ಕೊನೆಗೆ ಉಣ್ಣುವವನು ಮೈದಾನದಲ್ಲಿ ಓಡುವ ಆಟಗಾರ.

ಉರ್ದುವಿನಲ್ಲಿ ತಕ್ದೀರ್, ತದ್ಬೀರ್ ಎಂಬ ಜೋಡಿ ಪದಗಳಿವೆ. ತಕ್ದೀರ್ ಎಂದರೆ ಹಣೆಬರಹ. ತದ್ಬೀರ್ ಎಂದರೆ ಮನುಷ್ಯ ತನ್ನ ಬುದ್ಧಿಯಿಂದ, ಶ್ರಮದಿಂದ ಮಾಡಿಕೊಳ್ಳುವ ಉಪಾಯ, ಏರ್ಪಾಡು. ಕೋಲ್ಕತಾದ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ಬಿನ ಅಭಿಮಾನಿಗಳ ಚರ್ಚೆಯನ್ನು ಗಮನಿಸುತ್ತ ಬಂದಾಗ ಈ ಎರಡು ಪದಗಳು ನನಗೆ ಮತ್ತೆ ಮತ್ತೆ ನೆನಪಾದವು. ಈ ತಂಡದ ಬಗ್ಗೆ ಆಡುವ ಮಾತೆಲ್ಲ ಒಂದಲ್ಲ ಒಂದು ಕಡೆ 1934ಕ್ಕೆ ಹೋಗಿ ಮುಟ್ಟುತ್ತದೆ. ಆ 1934 ತಕ್ದೀರ್‌ನ ಕಥೆಯೋ, ತದ್ಬೀರ್‌ನ ಕಥೆಯೋ ಎಂಬುದೇ ಇಲ್ಲಿ ನಾನು ಎತ್ತಬೇಕೆಂದಿರುವ ಪ್ರಶ್ನೆ.

ಮೊದಲು ಇತಿಹಾಸವನ್ನು ಸ್ವಲ್ಪ ನೋಡೋಣ. ಕ್ಲಬ್ಬು ಸ್ಥಾಪನೆಯಾದದ್ದು 1891ರಲ್ಲಿ. ಕಲ್ಕತ್ತಾ ಫುಟ್‌ಬಾಲ್ ಲೀಗ್ 1898ರಲ್ಲಿ ಶುರುವಾಯಿತು. ಮೂರೂವರೆ ದಶಕಗಳ ಕಾಲ ಆ ಲೀಗನ್ನು ಬ್ರಿಟಿಷ್ ಸೈನ್ಯದ ತಂಡಗಳು ಮತ್ತು ಯುರೋಪಿಯನ್ನರ ಕ್ಲಬ್ಬುಗಳೇ ಗೆಲ್ಲುತ್ತಿದ್ದವು. ಮೋಹನ್ ಬಗಾನ್ 1911ರಲ್ಲಿ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದಿತ್ತಾದರೂ ಲೀಗ್ ಮಾತ್ರ ಭಾರತೀಯರಿಗೆ ದಕ್ಕಿರಲಿಲ್ಲ. ಎರಡನೇ ಡಿವಿಜನ್ನಿನಿಂದ ಆಗತಾನೇ ಮೇಲೆ ಬಂದಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್ 1934ರಲ್ಲಿ, ಮೊದಲ ಡಿವಿಜನ್ನಿನ ತನ್ನ ಮೊದಲ ವರ್ಷದಲ್ಲೇ, ಅದನ್ನು ಗೆದ್ದಿತು. 1938ರವರೆಗೆ ಸತತ ಐದು ವರ್ಷ ಬಿಟ್ಟುಕೊಡಲಿಲ್ಲ. 1940ರಲ್ಲಿ ದೆಹಲಿಯಲ್ಲಿ ರಾಯಲ್ ವಾರ್ವಿಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಡ್ಯುರಾಂಡ್ ಕಪ್ಪನ್ನೂ ಎತ್ತಿಕೊಂಡಿತು.

ಈ ಕಥೆಯನ್ನು ಮೆಟಿಯಾಬ್ರೂಜ್, ಖಿದಿರ್‌ಪುರ, ರಾಜಾಬಜಾರ್‌ಗಳ ಮೊಹಲ್ಲಾಗಳಲ್ಲಿ ಅಜ್ಜಂದಿರು ಮೊಮ್ಮಕ್ಕಳಿಗೆ ದಾಸ್ತಾನ್‌ನಂತೆ ಹೇಳುತ್ತ ಬಂದಿದ್ದಾರೆ. ದಾಸ್ತಾನ್‌ನಲ್ಲಿ ನಾಯಕ ಗೆಲ್ಲುವುದು ಅವನ ಹಣೆಯಲ್ಲಿ ಅದು ಬರೆದಿರುವುದರಿಂದ. ಕೇಳುವ ಜನ ಬಡವರಾಗಿದ್ದಾಗ, ವಿಭಜನೆಯ ಪೆಟ್ಟಿನಿಂದ ಚೇತರಿಸಿಕೊಳ್ಳಬೇಕಾದವರಾಗಿದ್ದಾಗ ಅಂಥ ಕಥೆ ಅವರಿಗೆ ಅನ್ನದಷ್ಟೇ ಅಗತ್ಯ. ಅದನ್ನು ಗೇಲಿ ಮಾಡುವ ಹಕ್ಕು ಯಾರಿಗೂ ಇಲ್ಲ. ಮೂವತ್ತರ ದಶಕ ಮುಗಿಯುವ ಹೊತ್ತಿಗೆ ಕೋಮು ರಾಜಕಾರಣದ ನೆರಳು ಮೈದಾನದ ಮೇಲೂ ಚಾಚಿತ್ತು ಎಂಬುದನ್ನು ಈ ದಾಸ್ತಾನ್ ಸಾಮಾನ್ಯವಾಗಿ ಮರೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ತಂಡ ಗೆದ್ದದ್ದು ಹೇಗೆ ಎಂಬುದನ್ನೇ ಅದು ಮರೆಯುತ್ತದೆ.

ಹೇಗೆ ಗೆದ್ದಿತು? ಬಂಗಾಳದ ಆಟಗಾರರು ಬರಿಗಾಲಿನಲ್ಲಿ ಆಡುತ್ತಿದ್ದ ಕಾಲವದು. ಮಳೆಗಾಲದ ಕೆಸರಿನಲ್ಲಿ ಬೂಟು ತೊಟ್ಟ ಸೈನಿಕರೆದುರು ಬರಿಗಾಲು ಜಾರುತ್ತದೆ. ಮೊಹಮ್ಮಡನ್ ಸ್ಪೋರ್ಟಿಂಗ್‌ನವರು ಒದ್ದೆ ಮೈದಾನಕ್ಕೆ ಬೂಟು ತೊಡುವುದನ್ನು ರೂಢಿಸಿಕೊಂಡರು. ಬರಿಗಾಲಿನ ಆಟವನ್ನೇ ಸ್ವಾಭಿಮಾನವೆಂದು ಭಾವಿಸಿದ್ದ ಕಾಲದಲ್ಲಿ ಇದು ಸಣ್ಣ ನಿರ್ಧಾರವಲ್ಲ. ಎರಡನೆಯದಾಗಿ, ಊರಿನ ಹುಡುಗರೇ ಸಾಕು ಎಂದು ಕೂರದೆ ದೇಶದ ಮೂಲೆಮೂಲೆಯಿಂದ ಒಳ್ಳೆಯ ಆಟಗಾರರನ್ನು ಹುಡುಕಿ ತಂದರು. ಹಾಗೆ ಬಂದವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದರು. ಬೆಂಗಳೂರಿನ ಫುಟ್‌ಬಾಲ್ ಆಗ ಎಷ್ಟು ಗಟ್ಟಿಯಾಗಿತ್ತೆಂದರೆ 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಯ ರೋವರ್ಸ್ ಕಪ್ ಫೈನಲ್‌ನಲ್ಲಿ ಇದೇ ಮೊಹಮ್ಮಡನ್ ಸ್ಪೋರ್ಟಿಂಗನ್ನು 1-0ಯಿಂದ ಸೋಲಿಸಿ ಆ ಕಪ್ ಗೆದ್ದಿತು. ಮರುವರ್ಷವೂ ಗೆದ್ದಿತು. ಅಂದರೆ, ಅಜೇಯವೆಂದು ಹೊಗಳಿಸಿಕೊಂಡ ತಂಡವೂ ತನ್ನ ಹೊಳೆಯುವ ದಿನಗಳಲ್ಲೇ ಸೋತಿತ್ತು. ಬೂಟು, ಆಟಗಾರರ ಆಯ್ಕೆ, ಶಿಸ್ತಿನ ಅಭ್ಯಾಸ — ಇವೆಲ್ಲ ತದ್ಬೀರ್‌ನ ಮಾತುಗಳು.

ಈಗ ಇತ್ತೀಚಿನ ಚರ್ಚೆಗೆ ಬರೋಣ. 1981ರಲ್ಲಿ ಕಲ್ಕತ್ತಾ ಲೀಗ್ ಗೆದ್ದ ಮೇಲೆ ಈ ಕ್ಲಬ್ಬಿಗೆ ಅದು ಮತ್ತೆ ಸಿಗಲು ನಲವತ್ತು ವರ್ಷ ಬೇಕಾಯಿತು. 2021, 2022, 2023ರಲ್ಲಿ ಸತತ ಮೂರು ಸಲ ಗೆದ್ದರು. 2024ರ ಏಪ್ರಿಲ್‌ನಲ್ಲಿ ರಷ್ಯಾದ ಆಂದ್ರೇ ಚೆರ್ನಿಶೋವ್ ಅವರ ತರಬೇತಿಯಲ್ಲಿ ಐ-ಲೀಗ್ ಗೆದ್ದು ಇಂಡಿಯನ್ ಸೂಪರ್ ಲೀಗಿಗೆ ಬಡ್ತಿ ಪಡೆದರು. ಆ ಗೆದ್ದ ತಂಡದಲ್ಲಿ ಉಜ್ಬೆಕಿಸ್ತಾನದ ಮಿರ್ಜಲೋಲ್ ಕಾಸಿಮೋವ್ ಇದ್ದರು, ಅರ್ಜೆಂಟೀನಾದ ಅಲೆಕ್ಸಿಸ್ ಗೋಮೆಜ್ ಇದ್ದರು, ಹೊಂಡುರಾಸ್‌ನ ಎಡ್ಡಿ ಹೆರ್ನಾಂಡೆಜ್ ಇದ್ದರು, ಮಿಜೋರಾಮ್‌ನ ಡೇವಿಡ್ ಲಾಲ್‌ಹ್ಲಾನ್‌ಸಾಂಗಾ ಇದ್ದರು. ಮುಸ್ಲಿಮರ ಕ್ಲಬ್ಬಾಗಿ ಹುಟ್ಟಿದ ಕ್ಲಬ್ಬು ಎಂದೋ ಎಲ್ಲರ ಕಾಲ್ಚಳಕದ ಕ್ಲಬ್ಬಾಗಿತ್ತು. ಇದೂ 1934ರ ನಿಜವಾದ ಪಾಠದ ಮುಂದುವರಿಕೆಯೇ: ಪ್ರತಿಭೆ ಎಲ್ಲಿದೆಯೋ ಅಲ್ಲಿಗೆ ಹೋಗಿ ತರುವುದು.

2024ರ ಆ ಬೇಸಿಗೆಯಲ್ಲಿ ಮುಂದಿನ ಸೀಸನ್ ಕುರಿತ ಮಾತು ಹೇಗಿತ್ತು? ಸ್ಥೂಲವಾಗಿ ಮೂರು ಬಗೆಯ ವಾದಗಳನ್ನು ಗುರುತಿಸಬಹುದು. ಮೊದಲನೆಯದು ಹೆಸರಿನ ವಾದ. 1934ರಲ್ಲಿ ಬಡ್ತಿ ಪಡೆದ ಮೊದಲ ವರ್ಷವೇ ಗೆದ್ದೆವು, ಈಗೇಕೆ ಆಗಬಾರದು ಎನ್ನುವುದು. ಎರಡನೆಯದು ಆಟಗಾರರ ಪಟ್ಟಿಯ ವಾದ. ಒಬ್ಬ ಒಳ್ಳೆಯ ಸ್ಟ್ರೈಕರ್ ಸಿಕ್ಕರೆ ಸಾಕು, ಒಬ್ಬ ವಿದೇಶಿ ಡಿಫೆಂಡರ್ ಬಂದರೆ ಸಾಕು ಎನ್ನುವುದು. ಮೂರನೆಯದು ನಿರಾಶೆಯ ವಾದ. ದೊಡ್ಡ ಬಂಡವಾಳದ ಕ್ಲಬ್ಬುಗಳ ಎದುರು ನಮ್ಮದೇನು ನಡೆದೀತು, ಕೊನೆಯ ಸ್ಥಾನ ಬಂದರೂ ಲೀಗಿನಲ್ಲಿದ್ದೇವಲ್ಲ ಎನ್ನುವುದು. ಮೊದಲನೆಯದರಲ್ಲಿ ಹೆಮ್ಮೆಯಿದೆ, ಎರಡನೆಯದರಲ್ಲಿ ಆಟದ ತಿಳಿವಳಿಕೆಯಿದೆ, ಮೂರನೆಯದರಲ್ಲಿ ಲೋಕಾನುಭವವಿದೆ. ಆದರೆ ವಿಮರ್ಶಕನಾಗಿ ನಾನು ಕಂಡ ಕೊರತೆ ಮೂರಕ್ಕೂ ಒಂದೇ. ಆಟಗಾರರ ಸಂಬಳಕ್ಕೆ ಹಣ ಎಲ್ಲಿಂದ ಬರುತ್ತದೆ, ವರ್ಷಪೂರ್ತಿ ಬರುತ್ತದೆಯೇ ಎಂಬ ಪ್ರಶ್ನೆ ಈ ವಾದಗಳ ಕೇಂದ್ರದಲ್ಲಿರಲಿಲ್ಲ. ಕೆಲವರು ಕೇಳಿದರೂ ಅದು ಹಬ್ಬದ ಮನೆಯಲ್ಲಿ ಸಾಲದ ಮಾತೆತ್ತಿದಂತೆ ಅಪಶಕುನವಾಯಿತು.

ಆಮೇಲೆ ನಡೆದದ್ದು ದಾಖಲೆಯಲ್ಲಿದೆ. ಸೆಪ್ಟೆಂಬರ್ 16ರ ಮೊದಲ ಪಂದ್ಯದಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ಎದುರು 0-1ರ ಸೋಲು. ನವೆಂಬರ್‌ನಲ್ಲಿ ಈಸ್ಟ್ ಬೆಂಗಾಲ್‌ನ ಇಬ್ಬರು ಆಟಗಾರರು ಮೊದಲ ಅರ್ಧದಲ್ಲೇ ಕೆಂಪು ಕಾರ್ಡು ಪಡೆದು ಹೊರನಡೆದರು. ಉಳಿದ ಒಂಬತ್ತು ಜನರ ಎದುರು ಒಂದು ಗೋಲನ್ನೂ ಹೊಡೆಯಲಾಗದೆ ಪಂದ್ಯ 0-0 ಆಯಿತು. 2025ರ ಜನವರಿಯಲ್ಲಿ ಬಾಕಿ ಸಂಬಳದ ವಿವಾದದ ನಡುವೆ ಚೆರ್ನಿಶೋವ್ ರಾಜೀನಾಮೆ ಕೊಟ್ಟರು. 24 ಪಂದ್ಯಗಳಲ್ಲಿ 2 ಗೆಲುವು, 7 ಡ್ರಾ, 15 ಸೋಲು, 13 ಅಂಕ. ಹದಿಮೂರು ತಂಡಗಳಲ್ಲಿ ಹದಿಮೂರನೆಯ ಸ್ಥಾನ.

ಆ ಎರಡು ಗೆಲುವುಗಳಲ್ಲಿ ಒಂದು ಬಂದದ್ದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ. 2025ರ ಜನವರಿ 11ರಂದು ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಕಾಸಿಮೋವ್ ಅವರ ಫ್ರೀ ಕಿಕ್ ಬೆಂಗಳೂರು ಎಫ್.ಸಿ.ಯ ಬಲೆಯೊಳಗೆ ಬಿತ್ತು. ಆ ವರ್ಷ ಫೈನಲ್‌ವರೆಗೆ ಹೋದ ತಂಡವನ್ನು ಅದರ ಮನೆಯಂಗಳದಲ್ಲೇ ಕೊನೆಯ ಸ್ಥಾನದ ತಂಡ ಸೋಲಿಸಿತ್ತು. ಇದನ್ನು ತಕ್ದೀರ್ ಎನ್ನುವವರು ಅನ್ನಬಹುದು. ಸಂಬಳದ ಅನಿಶ್ಚಿತತೆಯ ನಡುವೆಯೂ ಕೊನೆಯ ನಿಮಿಷದವರೆಗೆ ಓಡುತ್ತಿದ್ದ ಹನ್ನೊಂದು ಜನ ದುಡಿಮೆಗಾರರು ನನಗೆ ಅಲ್ಲಿ ಕಾಣುತ್ತಾರೆ. ಚೆಂದದ ಗೋಲಿಗೆ ಚಪ್ಪಾಳೆ ತಟ್ಟುವ ಕೈಗಳು ಆ ದುಡಿಮೆಯ ಕೂಲಿ ಸಂದಿತೇ ಎಂದೂ ವಿಚಾರಿಸಬೇಕಲ್ಲವೇ?

2025ರ ಮಧ್ಯಭಾಗದಲ್ಲಿ ಚರ್ಚೆಯ ಸ್ವರೂಪವೇ ಬದಲಾಯಿತು. ಹಳೆಯ ಬಾಕಿಗಳ ಕಾರಣಕ್ಕೆ ಹೊಸ ಆಟಗಾರರನ್ನು ನೋಂದಾಯಿಸದಂತೆ ಕ್ಲಬ್ಬಿನ ಮೇಲೆ ನಿರ್ಬಂಧ ಬಿತ್ತು. ಅದೇ ಹೊತ್ತಿಗೆ ಸೂಪರ್ ಲೀಗ್ ನಡೆಸುವ ಸಂಸ್ಥೆ ಮತ್ತು ರಾಷ್ಟ್ರೀಯ ಫೆಡರೇಷನ್ನಿನ ನಡುವಿನ ಹಕ್ಕುಗಳ ಒಪ್ಪಂದ ಡಿಸೆಂಬರ್‌ಗೆ ಮುಗಿಯುವುದಿದ್ದು, ನವೀಕರಣವಾಗದ್ದರಿಂದ ಜುಲೈನಲ್ಲಿ ಇಡೀ ಲೀಗೇ ತಡೆಹಿಡಿಯಲ್ಪಟ್ಟಿತು. ಕೊನೆಗೆ ಲೀಗ್ ಶುರುವಾದದ್ದು 2026ರ ಫೆಬ್ರವರಿಯಲ್ಲಿ, ತಂಡವೊಂದಕ್ಕೆ 13 ಪಂದ್ಯಗಳಂತೆ ಮೊಟಕಾಗಿ. ಮುಂದಿನ ಸೀಸನ್ ಹೇಗೆ ಎಂದು ಚರ್ಚಿಸುತ್ತಿದ್ದವರು ಮುಂದಿನ ಸೀಸನ್ ಇದೆಯೇ ಎಂದು ಕೇಳುವಂತಾಯಿತು. ಆಗ ಮೊದಲ ಬಾರಿಗೆ ಬಾಕಿ ಎಷ್ಟು, ಹೂಡಿಕೆದಾರರ ಪಾಲೆಷ್ಟು, ಒಪ್ಪಂದಕ್ಕೆ ಸಹಿ ಹಾಕಿದವರು ಯಾರು ಎಂಬ ಮಾತುಗಳು ಅಭಿಮಾನಿಗಳ ಬಾಯಲ್ಲಿ ಮುಂದಕ್ಕೆ ಬಂದವು. ಈ ಬದಲಾವಣೆಯನ್ನು ಕೆಲವರು ಆಟದ ಸೊಗಸು ಸತ್ತ ಲಕ್ಷಣವೆಂದು ಮರುಗಿದರು. ನನಗೆ ಇದು ಚರ್ಚೆ ಪ್ರಾಪ್ತ ವಯಸ್ಸಿಗೆ ಬಂದ ಲಕ್ಷಣವಾಗಿ ಕಾಣುತ್ತದೆ.

ಇದಕ್ಕೆ ಎದುರಾಗಿ ಒಂದು ವಾದವಿದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಭಿಮಾನಿಯ ಕೆಲಸ ಪ್ರೀತಿಸುವುದು, ಲೆಕ್ಕ ತಪಾಸಣೆ ಮಾಡುವುದಲ್ಲ. ವಾರವಿಡೀ ದುಡಿದು ದಣಿದವನು ಮೈದಾನಕ್ಕೆ ಬರುವುದು ಲೆಕ್ಕಪತ್ರ ಮರೆಯಲಿಕ್ಕೆ ಎನ್ನುತ್ತಾರೆ. ನಿಜವೇ. ಆದರೆ ಪ್ರೀತಿಯ ಹೆಸರಿನಲ್ಲಿ ಪ್ರಶ್ನೆ ನಿಂತುಹೋದರೆ ಅದರ ಲಾಭ ಯಾರಿಗೆ? ಆಟಗಾರನಿಗಂತೂ ಅಲ್ಲ. ಜರ್ಮನಿಯಲ್ಲಿ ಕ್ಲಬ್ಬಿನ ಮತಾಧಿಕಾರದ ಬಹುಪಾಲು ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮ 1998ರಿಂದ ಇದೆ. ಅಲ್ಲಿ ಟಿಕೆಟ್ ಕೊಂಡು ಕೂಗುವವನು ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಪದಾಧಿಕಾರಿಗಳಿಂದ ಉತ್ತರ ಕೇಳಬಹುದು. ಇದರಿಂದ ಅವನ ಪ್ರೀತಿಯೇನೂ ಬತ್ತಿಲ್ಲ. ನಮ್ಮ ಅಭಿಮಾನಿಗೆ ಅಂಥ ಮತವಿಲ್ಲ. ಅವನ ಕೈಯಲ್ಲಿರುವುದು ಮಾತು ಮಾತ್ರ. ಇರುವ ಒಂದೇ ಆಸ್ತಿಯನ್ನು ಬರೀ ಭವಿಷ್ಯ ಹೇಳುವುದಕ್ಕೆ ಖರ್ಚು ಮಾಡಿದರೆ ಹೇಗೆ?

ಮಾತಿಗೆ ಬಲವಿಲ್ಲ ಎನ್ನುವವರಿಗೆ ಕೋಲ್ಕತಾದ ಅಭಿಮಾನಿಗಳೇ ಉತ್ತರ ಕೊಟ್ಟಿದ್ದಾರೆ. 2024ರ ಆಗಸ್ಟ್ 18ರಂದು ಡ್ಯುರಾಂಡ್ ಕಪ್‌ನ ಮೋಹನ್ ಬಗಾನ್–ಈಸ್ಟ್ ಬೆಂಗಾಲ್ ಪಂದ್ಯ ರದ್ದಾದಾಗ, ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದ ಯುವ ವೈದ್ಯೆಗೆ ನ್ಯಾಯ ಕೇಳಿ ಸಾಲ್ಟ್ ಲೇಕ್ ಕ್ರೀಡಾಂಗಣದ ಹೊರಗೆ ಎರಡೂ ತಂಡಗಳ ಬೆಂಬಲಿಗರು ಒಟ್ಟಿಗೆ ಬೀದಿಗಿಳಿದರು. ಮೊಹಮ್ಮಡನ್ ಸ್ಪೋರ್ಟಿಂಗ್‌ನ ಬೆಂಬಲಿಗರೂ ಅವರ ಜೊತೆ ಸೇರಿದರು. ಪೊಲೀಸರು ಲಾಠಿ ಬೀಸಿದರೂ ಜನ ಚದುರಿ ಸುಮ್ಮನಾಗಲಿಲ್ಲ. ನೂರು ವರ್ಷ ಪರಸ್ಪರ ಛೇಡಿಸುತ್ತ ಬಂದವರು ಒಂದೇ ಪ್ರಶ್ನೆಯನ್ನು ಒಟ್ಟಾಗಿ ಕೇಳಬಲ್ಲರು ಎಂಬುದು ಆ ಸಂಜೆ ಸಾಬೀತಾಯಿತು. ಹಾಗಿದ್ದರೆ, ತಮ್ಮದೇ ಆಟಗಾರರ ಸಂಬಳದ ಪ್ರಶ್ನೆಯನ್ನು ಮೂರೂ ಕ್ಲಬ್ಬುಗಳವರು ಒಟ್ಟಾಗಿ ಕೇಳಲು ಏನು ಅಡ್ಡಿ?

ಕಥೆಗಾರರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ಹಳೆಯ ಕಥೆಯನ್ನು ಯಥಾವತ್ತಾಗಿ ಹೇಳಿಕೊಂಡೇ ಕೂತರೆ ಹೊಸ ಕಥೆ ಹುಟ್ಟುವುದಿಲ್ಲ. ಹಳೆಯ ಕಥೆ ಹೇಗೆ ಕಟ್ಟಲ್ಪಟ್ಟಿತ್ತು ಎಂದು ಬಿಚ್ಚಿ ನೋಡಿದರೆ ಹುಟ್ಟೀತು. ಕಪ್ಪು-ಬಿಳಿ ಅಂಗಿಯ ಅಭಿಮಾನಿಗಳು 1934ನ್ನು ಕೈಬಿಡಬೇಕಾಗಿಲ್ಲ. ಅದನ್ನು ಸರಿಯಾಗಿ ಓದಿದರೆ ಸಾಕು. ಕೆಸರಿಗೆ ಬರಿಗಾಲು ನಿಲ್ಲದು ಎಂದು ಒಪ್ಪಿಕೊಂಡು ಬೂಟು ಕೊಂಡವರ ಕಥೆ ಅದು. ಇಂದಿನ ಕೆಸರು ಬೇರೆ: ಬಾಕಿ ಸಂಬಳ, ಅರ್ಧದಲ್ಲಿ ಕೈಬಿಡುವ ಹೂಡಿಕೆ, ಯಾರಿಗೂ ತೋರಿಸದ ಒಪ್ಪಂದ. ಇನ್ನು ಮುಂದೆ ಯಾವುದೇ ಸೀಸನ್ನಿನ ಮುಂಚೆ ಮೈದಾನದ ಟೆಂಟಿನೆದುರು ಮಣ್ಣಿನ ಕುಡಿಕೆಯ ಚಹಾ ಹಿಡಿದು ನಿಂತವರು ಸ್ಟ್ರೈಕರ್ ಯಾರು ಎಂದು ಕೇಳುವ ಮೊದಲು ಹೋದ ವರ್ಷದವರ ಸಂಬಳ ಸಂದಿದೆಯೇ ಎಂದು ಕೇಳಲಿ. ಆಮೇಲೆ ಎಷ್ಟನೇ ಸ್ಥಾನ ಎಂಬ ಜಗಳವನ್ನು ಮಗ್ರಿಬ್‌ನ ಅಜಾನ್‌ವರೆಗೂ ಧಾರಾಳವಾಗಿ ಆಡಬಹುದು.