ನಾಗೇಶಿ ಇಲ್ಲದ ಹಾಡಿಕೆ

ಕಬ್ಬಿನ ಹಂಗಾಮು ಸುರುವಾಯಿತೆಂದರೆ ಅಥಣಿ, ಕಾಗವಾಡ, ರಾಯಬಾಗದ ರಸ್ತೆಗಳಲ್ಲಿ ಟ್ರ್ಯಾಕ್ಟರು ಕಣ್ಣಿಗೆ ಬೀಳುವ ಮೊದಲೇ ಅದರ ಹಾಡು ಕಿವಿಗೆ ಬೀಳುತ್ತದೆ. ಉಗಾರದ ಫ್ಯಾಕ್ಟರಿ ಕಡೆ ಹೊರಟ ಎರಡು ಟ್ರೇಲರ್ ಕಬ್ಬು, ಡ್ರೈವರನ ಬೆನ್ನಿಗೆ ಸೌಂಡ್ ಬಾಕ್ಸು, ಅದರೊಳಗೆ ಇದೇ ಸೀಮೆಯ ಹುಡುಗನೊಬ್ಬ ತಾನೇ ಕಟ್ಟಿ ಹಾಡಿದ ಪದ. ಸಿನಿಮಾದ ಹಂಗಿಲ್ಲದೆ, ಹಳ್ಳಿಯ ಮಾತಿನಲ್ಲೇ ಬರೆದು, ಯೂಟ್ಯೂಬಿಗೆ ಬಿಟ್ಟು, ಜಾತ್ರೆಯ ವೇದಿಕೆ ಹತ್ತಿ ಅನ್ನ ಕಂಡುಕೊಂಡ ಈ ಹೊಸ ಹಾಡುಗಾರರ ಬಗ್ಗೆ ನಮ್ಮ ವಿಮರ್ಶಕರು ಬಾಯಿ ಬಿಟ್ಟಿದ್ದು ಕಡಿಮೆ. ಬಿಟ್ಟವರೂ ‘ಅಗ್ಗದ ಹಾಡು’ ಎಂದು ಕೈತೊಳೆದುಕೊಂಡಿದ್ದಾರೆ. ಅದು ಅನ್ಯಾಯ.

ರಾಯಬಾಗ ತಾಲೂಕಿನ ಮಾಳು ನಿಪನಾಳ ಅವರನ್ನೇ ನೋಡಿ. ‘ನಾ ಡ್ರೈವರಾ’ ಹಾಡು ಅವರನ್ನು ಮನೆಮನೆಗೆ ಮುಟ್ಟಿಸಿತು. 2025ರಲ್ಲಿ ಬಿಗ್ ಬಾಸ್ ಕನ್ನಡದ 12ನೇ ಆವೃತ್ತಿಗೂ ಕರೆದೊಯ್ದಿತು. ಆ ಹಾಡಿನ ನಾಯಕ ರಾಜಕುಮಾರನಲ್ಲ, ಸ್ಟೇರಿಂಗ್ ಹಿಡಿದು ದುಡಿಯುವವನು. ದುಡಿಮೆಯ ಹೆಸರು ಹೇಳಿಕೊಂಡೇ ಪ್ರೀತಿ ಮಾಡುವ ಈ ಧೈರ್ಯ ಕನ್ನಡದ ಭಾವಗೀತೆಗೆ ಅಷ್ಟು ಸುಲಭವಾಗಿ ಬಂದಿದ್ದಲ್ಲ. ಗಾಯಕನ ಹೆಸರಿನಲ್ಲೇ ಊರು ಕೂತಿರುವುದನ್ನೂ ಗಮನಿಸಬೇಕು. ಇನ್ನೊಬ್ಬ ಹಾಡುಗಾರ ಬಾಳು ಬೆಳಗುಂದಿ ಅವರ ಹೆಸರಿನಲ್ಲೂ ಅದೇ ಕ್ರಮ. ಲಾವಣಿ ಕಟ್ಟಿದ ಕವಿ ಕೊನೆಯ ನುಡಿಯಲ್ಲಿ ತನ್ನ ಊರು, ತನ್ನ ಗುರು, ತನ್ನ ಹೆಸರು ಹೇಳಿಯೇ ಪದ ಮುಗಿಸುತ್ತಿದ್ದ. ಆ ರೂಢಿ ಇಲ್ಲಿ ಸತ್ತಿಲ್ಲ.

ಹಾಗಾದರೆ ಏನು ಸತ್ತಿದೆ? ಅದನ್ನು ಕಾಣಲು ಗೀಗೀ ಮೇಳದ ಒಂದು ರಾತ್ರಿಗೆ ಹೋಗಬೇಕು.

ಮುಂದೆ ನಿಂತ ಹಾಡುಗಾರನ ಕೈಯಲ್ಲಿ ದಪ್ಪು. ಹಿಂದೆ ಇಬ್ಬರು: ಒಬ್ಬನ ಬಳಿ ತಾಳ, ಇನ್ನೊಬ್ಬನ ಬಳಿ ತುಂತುಣಿ. ತುಂತುಣಿ ಎಂದರೆ ಒಂದು ಟೊಳ್ಳು ಕೊಳವೆ, ತಳಕ್ಕೆ ಚರ್ಮ, ಒಂದೇ ತಂತಿ. ಅದರಿಂದ ರಾಗ ಹೊರಡುವುದಿಲ್ಲ, ಶ್ರುತಿ ಮತ್ತು ಲಯ ಎರಡೇ. ಮುಂದಿನವನು ಸಾಲು ಮುಗಿಸುವಷ್ಟರಲ್ಲಿ ಹಿಂದಿನವರು ಅದರ ಬಾಲ ಹಿಡಿದು ‘ಗೀ ಗೀ’ ಎಂದು ಎಳೆಯುತ್ತಾರೆ. ಅಷ್ಟು ಹೊತ್ತು ಅವನಿಗೆ ಉಸಿರು ತಗೊಳ್ಳಲು, ಮುಂದಿನ ನುಡಿ ನೆನೆಯಲು ಬಿಡುವು. ಎದುರಿಗೆ ಇನ್ನೊಂದು ಮೇಳ. ಒಂದು ಹರದೇಶಿ, ಗಂಡು ಹೆಚ್ಚು, ಶಿವ ಹೆಚ್ಚು ಎನ್ನುವ ಪಕ್ಷ. ಇನ್ನೊಂದು ನಾಗೇಶಿ, ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಎನ್ನುವ ಪಕ್ಷ. ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಜವಾಬು ಕೊಡಬೇಕು. ಪುರಾಣ ಗೊತ್ತಿರಬೇಕು, ತತ್ತ್ವ ಗೊತ್ತಿರಬೇಕು, ಲೋಕದ ಸುದ್ದಿಯೂ ಗೊತ್ತಿರಬೇಕು. ಜವಾಬು ಬಾರದ ಮೇಳ ಊರ ಮುಂದೆ ತಲೆತಗ್ಗಿಸಬೇಕು. ಡೊಳ್ಳಿನ ಪದದ ಮೇಳಗಳೂ ಹೀಗೆಯೇ ರಾತ್ರಿಯಿಡೀ ಎದುರುಬದುರಾಗಿ ಹಾಡುತ್ತವೆ. ಈ ಹಾಡಿಕೆಗೆ ರಾಜ್ಯದ ಗಡಿ ಅಡ್ಡ ಬರುವುದಿಲ್ಲ, ಮಹಾರಾಷ್ಟ್ರದ ಜತ್ತ ಸೀಮೆಯ ಕನ್ನಡ ಹಳ್ಳಿಗಳಿಗೂ ಅದು ಮನೆಯ ಮಾತೇ.

ಈ ಎದುರಾಳಿಯ ಭಯವೇ ಹಾಡಿಗೆ ಕಸುವು ಕೊಟ್ಟಿತು. ಹಲಸಂಗಿಯ ಖಾಜಾಭಾಯಿಯಂಥ ಲಾವಣಿಕಾರ ಬೆಳೆದದ್ದು ಇಂಥ ಕಣದಲ್ಲಿ. ಅದೇ ಊರಿನ ಗೆಳೆಯರ ಬಳಗದ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬರು 1930ರ ದಶಕದಲ್ಲಿ ಹೆಣ್ಣುಮಕ್ಕಳ ಹಾಡನ್ನೂ ಲಾವಣಿಯನ್ನೂ ಅಚ್ಚಿಗೆ ತಂದರು. ‘ಗರತಿಯ ಹಾಡು’ 1931ರಲ್ಲಿ ಬಂತು. ಬೇಂದ್ರೆಯವರ ಕಾವ್ಯದ ಕುಣಿತದಲ್ಲಿ ಲಾವಣಿಯ ಪಾಲು ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಜವಾಬಿನ ಈ ಕಸುವು ನಮ್ಮಲ್ಲಿ ಮಾತ್ರ ಕಂಡದ್ದಲ್ಲ. ಅಮೆರಿಕದಲ್ಲೂ ಹಳ್ಳಿಯ ಹಾಡು ಹೊಟ್ಟೆಪಾಡಾಗುವ ದೊಡ್ಡ ದಾರಿ ತೆರೆದದ್ದು ಒಂದು ಗಡಿ ಊರಿನಲ್ಲೇ. ಟೆನೆಸ್ಸಿ, ವರ್ಜೀನಿಯಾ ರಾಜ್ಯಗಳ ಗೆರೆ ನಡುವೆಯೇ ಹಾದುಹೋಗುವ ಬ್ರಿಸ್ಟಲ್‌ನಲ್ಲಿ 1927ರ ಬೇಸಿಗೆಯಲ್ಲಿ ರಾಲ್ಫ್ ಪೀರ್ ಎಂಬಾತ ಯಂತ್ರ ಹೂಡಿಕೊಂಡು ಕೂತ. ಬೆಟ್ಟದ ಕಡೆಯ ಕಾರ್ಟರ್ ಕುಟುಂಬದ ಹಾಡನ್ನೂ ರೈಲ್ವೆಯಲ್ಲಿ ದುಡಿದಿದ್ದ ಜಿಮ್ಮಿ ರಾಜರ್ಸ್‌ನ ಹಾಡನ್ನೂ ಅಲ್ಲೇ ಧ್ವನಿಮುದ್ರಿಸಿಕೊಂಡ. ಇಂದು ಅಮೆರಿಕಾನಾ ಎಂದು ಕರೆಸಿಕೊಳ್ಳುವ, 2010ರಿಂದ ಗ್ರ್ಯಾಮಿಯಲ್ಲಿ ತನ್ನದೇ ಆಲ್ಬಮ್ ಪ್ರಶಸ್ತಿ ಪಡೆದಿರುವ ಸಂಗೀತಕ್ಕೆ ಆ ಹಾಡುಗಳೂ ಬೇರು. ನಮಗೆ ಪಾಠವಿರುವುದು ಮಾತ್ರ ಇನ್ನೊಂದು ಘಟನೆಯಲ್ಲಿ. 1952ರಲ್ಲಿ ಹ್ಯಾಂಕ್ ಥಾಂಪ್ಸನ್‌ನ ಒಂದು ಹಾಡು, ಕೈಬಿಟ್ಟು ಹೋದ ಹೆಣ್ಣನ್ನು ದೂರಿ ಭಾರಿ ಜನಪ್ರಿಯವಾಯಿತು. ಅದೇ ವರ್ಷ ಅದೇ ಧಾಟಿಯಲ್ಲಿ ಕಿಟ್ಟಿ ವೆಲ್ಸ್ ಜವಾಬು ಹಾಡಿದಳು: ಹೆಣ್ಣು ಕೆಟ್ಟಿದ್ದರೆ ಅದರಲ್ಲಿ ಗಂಡಿನ ಪಾಲೂ ಇದೆ ಎಂಬ ಅರ್ಥದ್ದು. ಕೆಲವು ಕಡೆ ಪ್ರಸಾರಕ್ಕೆ ತಡೆ ಬಿದ್ದರೂ ಆ ಹಾಡು ಕಂಟ್ರಿ ಪಟ್ಟಿಯ ತುದಿಗೇರಿತು. ಬರೆದವನು ಗಂಡಸು, ಜೆ. ಡಿ. ಮಿಲ್ಲರ್. ನಮ್ಮ ನಾಗೇಶಿ ಪದಗಳಲ್ಲೂ ಎಷ್ಟೋ ಗಂಡು ಕವಿಗಳು ಕಟ್ಟಿಕೊಟ್ಟವೇ. ಅದರಿಂದ ಜವಾಬಿನ ಬಿಸಿ ಕಡಿಮೆಯಾಗುವುದಿಲ್ಲ. ಮುಂದೆ ಲೊರೆಟ್ಟಾ ಲಿನ್, ಗಣಿಗಾರನ ಮಗಳಾಗಿ ಬೆಳೆದ ತನ್ನ ಬಡತನವನ್ನು ತಾನೇ ಬರೆದು ಹಾಡಿದಳು.

ಟ್ರ್ಯಾಕ್ಟರಿನ ಹಾಡುಗಳಲ್ಲಿ ಇಲ್ಲದಿರುವುದು ಈ ಜವಾಬು. ಹುಡುಗ ಪ್ರೀತಿಸಿದ, ಹುಡುಗಿ ಕೈಕೊಟ್ಟಳು, ಸಾಹುಕಾರನನ್ನೋ ನೌಕರಿಯವನನ್ನೋ ಮದುವೆಯಾದಳು: ಹತ್ತು ಹಾಡಿನಲ್ಲಿ ಎಂಟರ ಕಥೆ ಇಷ್ಟೇ. ಆಲ್ಬಮ್ಮುಗಳಲ್ಲಿ ಹೆಣ್ಣು ದನಿ ಇಲ್ಲವೆಂದಲ್ಲ. ಆದರೆ ಅದು ಬಹುಮಟ್ಟಿಗೆ ಗಂಡಿನ ಸಾಲಿಗೆ ಜೊತೆಗೂಡುತ್ತದೆ, ಎದುರು ನಿಲ್ಲುವುದಿಲ್ಲ. ಹೊಲವಿಲ್ಲದ ಡ್ರೈವರನಿಗೆ ಹೆಣ್ಣು ಸಿಗದ ನೋವು ನಿಜ, ಅದನ್ನು ಹಾಡಬೇಕಾದದ್ದೇ. ಆದರೆ ಮಗಳ ಮದುವೆ ನಿಶ್ಚಯಿಸುವವರು ಯಾರು, ಕೇಳದೆ ತಾಳಿ ಕಟ್ಟಿಸಿಕೊಂಡವಳು ಅದೇ ಟ್ರ್ಯಾಕ್ಟರು ತುಂಬುವ ಕಬ್ಬಿನ ಗದ್ದೆಯಲ್ಲಿ ಏನು ನೆನೆಯುತ್ತಾಳೆ ಎಂದು ಕೇಳುವ ಎದುರು ಮೇಳ ಇಲ್ಲ. ಕೇಳುವವರಿಲ್ಲದ ಕಡೆ ಕವಿ ಸೋಮಾರಿಯಾಗುತ್ತಾನೆ. ಹೊಸ ಹಾಡಿನ ಬಡತನಕ್ಕೆ ಕಾರಣ ಕೀಬೋರ್ಡಲ್ಲ, ಡಿಜೆ ಅಲ್ಲ. ಆ ಕಾರಣಕ್ಕೆ ಹಳಬರು ಗೊಣಗುವುದನ್ನು ನಾನು ಒಪ್ಪಲಾರೆ. ಗಾಯಕ ರಘು ದೀಕ್ಷಿತ್ ಗಿಟಾರು ಹಿಡಿದು ಶಿಶುನಾಳ ಶರೀಫರ ಪದಗಳನ್ನು 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತೋತ್ಸವದ ತನಕ ಒಯ್ದರು, ಶರೀಫರಿಗೇನೂ ಕಳಂಕ ತಟ್ಟಲಿಲ್ಲ.

ಈ ಹೊಸ ಹಾಡುಗಾರರಿಗೆ ಹೇಳಬೇಕಾದ ಹಣದ ಮಾತೂ ಒಂದಿದೆ. 2012ರ ಹಕ್ಕುಸ್ವಾಮ್ಯ ತಿದ್ದುಪಡಿಯ ಪ್ರಕಾರ ಹಾಡು ಬರೆದವನು ಹಕ್ಕನ್ನು ಕಂಪನಿಗೆ ಬರೆದುಕೊಟ್ಟರೂ ರಾಯಲ್ಟಿಯ ತನ್ನ ಪಾಲನ್ನು ಬಿಟ್ಟುಕೊಡುವಂತಿಲ್ಲ. ಸಿನಿಮಾದಾಚೆಯ ಹಾಡುಗಳಿಗೂ ಇದು ಅನ್ವಯ. ಒಂದು ಸಲ ಕೈಗೆ ಬಿದ್ದ ಮೊತ್ತಕ್ಕೆ ಸಹಿ ಹಾಕುವ ಮುನ್ನ ಪ್ರತಿ ಹಾಡುಗಾರನೂ ಇದನ್ನು ತಿಳಿದಿರಬೇಕು.

ಅಥಣಿ ಸೀಮೆಯ ಅನಂತಪುರದಿಂದ ರಾಯಬಾಗದ ಚಿಂಚಲಿಯವರೆಗೆ ಜಾತ್ರೆ ನಡೆಸುವ ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟೇ: ಆರ್ಕೆಸ್ಟ್ರಾ ಕರೆಸಿ, ಯೂಟ್ಯೂಬಿನ ಹುಡುಗರನ್ನೂ ಕರೆಸಿ, ಬೇಡ ಅನ್ನುವುದಿಲ್ಲ. ಅದೇ ರಾತ್ರಿ ಅದೇ ವೇದಿಕೆಗೆ ಒಂದು ನಾಗೇಶಿ ಮೇಳವನ್ನೂ ಕರೆಸಿ, ಹುಡುಗನ ಹಾಡು ಮುಗಿದ ಕೂಡಲೇ ಮೈಕನ್ನು ಆ ಮೇಳದ ಹೆಣ್ಣುಮಗಳ ಕೈಗೆ ಕೊಡಿ.