ಶಾಸನವೇ ಒಂದು ಕೆಲಸವಲ್ಲ: ಆರ್ಗ್ ಮೋಡ್ ಬಗ್ಗೆ ಒಂದು ತಕರಾರು

ಶಾಸನದ ಟಿಪ್ಪಣಿಗಳನ್ನು ಸಾದಾ ಪಠ್ಯದ ಕಡತದಲ್ಲಿ ಇಡೋದು ಒಳ್ಳೆಯ ಅಭ್ಯಾಸ. ಯಾವ ಕಂಪ್ಯೂಟರಿನಲ್ಲಾದರೂ ತೆರೆಯುತ್ತೆ. ಇದಕ್ಕೆ ನಾನು ಬಳಸುವುದು ಆರ್ಗ್ ಮೋಡ್. ಈಮ್ಯಾಕ್ಸ್ ಎಡಿಟರಿಗಾಗಿ ಖಗೋಳವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ಶುರುಮಾಡಿದ್ದು. ಬರಹವೂ, ಮಾಡಬೇಕಾದ ಕೆಲಸದ ಸ್ಥಿತಿ, ಗಡುವುಗಳೂ ಒಂದೇ ಕಡತದಲ್ಲಿರುತ್ತವೆ. ಅದರ ಬಲ ಅದೇ, ನನ್ನ ತಕರಾರೂ ಅಲ್ಲೇ.

ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನೇ ತೆಗೆದುಕೊಳ್ಳಿ. ಅದಕ್ಕೊಂದು ತಲೆಬರಹ ಕೊಟ್ಟು ಕೆಳಗೆ ಟಿಪ್ಪಣಿ ಬರೆಯುತ್ತೀರಿ. ಪಡಿಯಚ್ಚನ್ನು ಫೋಟೋ ಜೊತೆ ಹೋಲಿಸಬೇಕು ಅಂತ ನೆನಪಾಗಿ ಅದೇ ತಲೆಬರಹಕ್ಕೆ ‘ಟೂಡೂ’ ಹಚ್ಚುತ್ತೀರಿ. ಅಲ್ಲಿಗೆ ಶಾಸನವೇ ಒಂದು ಕೆಲಸವಾಯಿತು! ಹೋಲಿಕೆ ಮುಗಿದ ಮೇಲೆ ‘ಡನ್’ ಅಂತ ಗುರುತಿಸಿ ಆರ್ಕೈವ್ ಮಾಡಿದರೆ, ಪಾಠಾಂತರ, ಅಕ್ಷರಗಳ ಬಗೆಗಿನ ಅನುಮಾನ, ಕೆಳಗಿದ್ದದ್ದೆಲ್ಲ ಆರ್ಕೈವ್ ಕಡತಕ್ಕೆ ಹೋಗುತ್ತೆ. ಹೋಲಿಸುವ ಕೆಲಸ ಮುಗಿಯಬಹುದು, ಶಾಸನದ ಓದು ಮುಗಿಯುತ್ತದೆಯೇ?

ಇನ್ನೊಂದು ತೊಡಕಿದೆ. ಕೆಲಸದ ಸ್ಥಿತಿ ಬದಲಾದಾಗ ಕಾರಣ ಬರೆದಿಡುವ ಸೌಲಭ್ಯ ಬಳಸಿದರೆ, ಆ ದಾಖಲೆ ನಮ್ಮ ಬರಹದ ಜೊತೆಗೇ ಬಂದು ಕೂರುತ್ತೆ. ಅದು ‘ಲಾಗ್‌ಬುಕ್’ ಡ್ರಾಯರಿಗೆ ಹೋಗಬೇಕಾದರೆ ಸೆಟ್ಟಿಂಗ್ ನಾವೇ ಬದಲಿಸಬೇಕು.

ಜೀನಾ ಟ್ರಪಾನಿ ಅವರ ಟೂಡೂ ಡಾಟ್ ಟಿಎಕ್ಸ್‌ಟಿ ಪದ್ಧತಿಯಲ್ಲಿ ಒಂದು ಕೆಲಸಕ್ಕೆ ಒಂದೇ ಸಾಲು. ಅಲ್ಲಿ ಬೆರಕೆಯ ಸಮಸ್ಯೆ ಇಲ್ಲ, ಯಾಕಂದ್ರೆ ಟಿಪ್ಪಣಿಗೆ ಜಾಗವೇ ಇಲ್ಲ. ನಮಗೆ ಅದು ಸಾಲದು.

ನಮ್ಮ ಶಾಸ್ತ್ರಕ್ಕೆ ಈ ವಿವೇಕ ಹೊಸದೇನಲ್ಲ. ಎಪಿಗ್ರಾಫಿಯ ಕರ್ನಾಟಿಕದಲ್ಲಿ ಸಂಖ್ಯೆ, ಸ್ಥಳ ಮೇಲೆ. ಶಾಸನಪಾಠ ಕೆಳಗೆ, ಬೇರೆಯಾಗಿ. ರೈಸ್ ಅವರ 5ನೇ ಸಂಪುಟದಲ್ಲಿದ್ದ ಬೇಲೂರಿನ ಶಾಸನಗಳು ಪರಿಷ್ಕೃತ ಆವೃತ್ತಿಯಲ್ಲಿ 9ನೇ ಸಂಪುಟಕ್ಕೆ ಬಂದವು. ಸಂಪುಟ ಬದಲಾಯಿತು, ಕಲ್ಲಿನ ಮೇಲಿನ ಬರಹ ಬದಲಾಗಲಿಲ್ಲ. ಇಂದಿನ ಎಪಿಡಾಕ್ ಕೂಡ ವಿವರಗಳಿಗೆ ಹೆಡರ್, ಪಾಠಕ್ಕೆ ಪ್ರತ್ಯೇಕ ವಿಭಾಗ ಇಟ್ಟಿದೆ. ಬದಲಾಗುವುದನ್ನೂ ಉಳಿಯುವುದನ್ನೂ ಬೇರೆ ಇಡಬೇಕು ಅನ್ನೋದಷ್ಟೇ ಇದರ ಸಾರ.

ಹಾಗಂತ ಆರ್ಗ್ ಮೋಡ್ ಬಿಡಬೇಕಾಗಿಲ್ಲ. ಶಾಸನದ ತಲೆಬರಹಕ್ಕೆ ‘ಟೂಡೂ’ ಹಚ್ಚಬೇಡಿ. ಸ್ಥಳ, ಸಂಪುಟ, ಸಂಖ್ಯೆಗಳು ‘ಪ್ರಾಪರ್ಟೀಸ್’ ಡ್ರಾಯರಿನಲ್ಲಿರಲಿ. ಓದಿನ ಟಿಪ್ಪಣಿ ಅದರ ಕೆಳಗಿರಲಿ. ಪ್ರತಿ ಕೆಲಸಕ್ಕೂ ಒಂದು ಪುಟ್ಟ ಉಪಶೀರ್ಷಿಕೆ ಮಾಡಿ, ಮುಗಿದಾಗ ಅದನ್ನಷ್ಟೇ ಆರ್ಕೈವ್ ಮಾಡಿ. ಆದರೆ ಆ ಕೆಲಸದಿಂದ ಹೊಸ ಪಾಠವೇನಾದರೂ ಸಿಕ್ಕಿದ್ದರೆ, ಮೊದಲು ಅದನ್ನು ಶಾಸನದ ಟಿಪ್ಪಣಿಗೆ ಸೇರಿಸಿ. ಈ ಒಂದು ಹೆಜ್ಜೆಯನ್ನು ಯಾವ ಸಾಫ್ಟ್‌ವೇರೂ ನಮಗಾಗಿ ಮಾಡಿಕೊಡಲ್ಲ.